ಹಳೆಯ ಬೇಸ್ ಗಿಟಾರ್ ಕೊಳ್ಳುವ ಮುನ್ನ

ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರ್ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಮೊದಲು ನೆಕ್ ನೋಡಬೇಕು. ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನಿಂದಲೂ 34 ಇಂಚಿನ ಅಳತೆಯೇ ರೂಢಿ. ಅಷ್ಟುದ್ದದ ದಪ್ಪ ತಂತಿಗಳು ವರ್ಷಗಟ್ಟಲೆ ಜಗ್ಗಿದರೆ ಮರ ಬಾಗದೆ ಇದ್ದೀತೇ?

ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವಲ್ಲೂ ಒತ್ತಿ ಹಿಡಿದರೆ, ಏಳನೇ ಫ್ರೆಟ್ ಬಳಿ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಕಾಣಬೇಕು. ಅದಕ್ಕಿಂತ ಹೆಚ್ಚಿದ್ದರೆ ನೆಕ್ ಒಳಗಿನ ಲೋಹದ ಸರಳನ್ನು (ಟ್ರಸ್ ರಾಡ್) ಬಿಗಿ ಮಾಡಬೇಕು, ಒಮ್ಮೆಗೆ ಕಾಲು ಸುತ್ತು ಮಾತ್ರ. ಅದರ ನಟ್ಟು ಅಲುಗುವುದೇ ಇಲ್ಲವೆಂದರೆ ಆ ಬೇಸ್ ಬಿಟ್ಟುಬಿಡುವುದೇ ಲೇಸು.

ವಾಲ್ಯೂಮ್ ಗುಂಡಿಯ ಕರಕರ ಸದ್ದಿಗೆ ಹೆದರಬೇಕಿಲ್ಲ. ಹೆಚ್ಚಿನ ಸಲ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಮೋಟೌನ್ ರೆಕಾರ್ಡ್ ಸಂಸ್ಥೆಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ಬದಲಿಸುತ್ತಿದ್ದುದೇ ಅಪರೂಪ. ಆದರೂ ಶ್ರುತಿ ಹೊಂದಿಸುವಾಗ ಹೊಸ ತಂತಿಯೇ ಇರಲಿ. ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರ ಅಲ್ಲಿಯ ಹಾರ್ಮೋನಿಕ್‌ಗಿಂತ ಏರಿದ್ದರೆ ಬ್ರಿಡ್ಜಿನ ಸ್ಯಾಡಲ್ ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ.