ಐದು ಸೆಂಟ್ಸ್ ಜಾಗ, ಒಂದು ಮಾಮೂಲು ದಾರಿ

ಮಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದು ಎಲ್ಲರೂ ನಗರದೊಳಗೇ ಮನೆ ಹುಡುಕುವುದಿಲ್ಲ. ಬಿ.ಸಿ.ರೋಡ್ ಸುಮಾರು 25 ಕಿಲೋಮೀಟರ್, ಮೂಡುಬಿದಿರೆ ಸುಮಾರು 35. ದಿನವೂ ಹೋಗಿ ಬರುವವರಿದ್ದಾರೆ. ಮಕ್ಕಳನ್ನು ಮೂಡುಬಿದಿರೆಯಲ್ಲೋ ಉಜಿರೆಯಲ್ಲೋ ಕಾಲೇಜಿಗೆ ಸೇರಿಸಿ ಅಲ್ಲೇ ಬಿಡಾರ ಹೂಡಿದ ಹೆತ್ತವರಿದ್ದಾರೆ. ಮುಂಬಯಿಯಿಂದ, ಕೊಲ್ಲಿ ದೇಶಗಳಿಂದ ಮರಳಿ ಬಂದು ಬೆಳ್ತಂಗಡಿ ಕಡೆ ಹತ್ತು ಸೆಂಟ್ಸ್ ಜಾಗ ನೋಡುವವರೂ ಇದ್ದಾರೆ. ಶಾಲೆ ಎಷ್ಟು ದೂರ, ಆಸ್ಪತ್ರೆ ಎಲ್ಲಿ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇವರೆಲ್ಲ ಮೊದಲು ಕೇಳುತ್ತಾರೆ. ಕೇಳಬೇಕಾದ್ದೇ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗುಡ್ಡೆ, ತೋಡು, ತೋಟಗಳ ನಡುವೆ ಜನರನ್ನು ಕೋರ್ಟಿನ ಮೆಟ್ಟಿಲು ಹತ್ತಿಸುವ ವಿಷಯಗಳು ಬೇರೆ: ಮನೆಗೆ ಹೋಗುವ ದಾರಿ, ಕುಡಿಯುವ ನೀರು, ಆ ಜಾಗ ಯಾವ ಬಗೆಯದು ಎಂಬುದು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಮಾರುವವರ ಮೇಲೆ ಒಂದು ಹೊಣೆ ಹೊರಿಸಿದೆ. ಆಸ್ತಿಯಲ್ಲಿ ಅಥವಾ ಅದರ ಹಕ್ಕಿನಲ್ಲಿ ಇರುವ ದೊಡ್ಡ ದೋಷ ತನಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಜೊತೆಗೇ ಒಂದು ಮಿತಿಯೂ ಇದೆ: ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಕೊಳ್ಳುವವರೇ ಪತ್ತೆಮಾಡಬಹುದಾಗಿದ್ದ ದೋಷಕ್ಕೆ ಈ ರಕ್ಷಣೆ ಇಲ್ಲ. ಹೊರಗಿನಿಂದ ಬಂದವರು ಸೋಲುವುದು ಇಲ್ಲೇ. ಬಂಟ್ವಾಳ ಪೇಟೆಯನ್ನು ನೇತ್ರಾವತಿ 1923ರಲ್ಲಿ, 1974ರಲ್ಲಿ ಮುಳುಗಿಸಿದ್ದು ಊರಿಗೆಲ್ಲ ಗೊತ್ತು. ಬಂಟ್ವಾಳದಲ್ಲಿ ನದಿಯ ಅಪಾಯದ ಮಟ್ಟ 8.5 ಮೀಟರ್ ಎಂದು ಮಳೆಗಾಲದಲ್ಲಿ ಪತ್ರಿಕೆಗಳು ಮತ್ತೆ ಮತ್ತೆ ಬರೆಯುತ್ತವೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಆಸುಪಾಸಿನಲ್ಲಿ ಗುಡ್ಡ ಜರಿದು ತೋಡುಗಳು ಮನೆಯೊಳಗೇ ಹರಿದವು. ಇಂಥ ಊರಲ್ಲಿ ಜಾಗ ಕೊಂಡು, ಮಳೆಗಾಲದಲ್ಲಿ ನೀರು ನುಗ್ಗುತ್ತದೆಂದು ಯಾರೂ ಹೇಳಲಿಲ್ಲ ಎಂದು ದಾವೆ ಹೂಡಿದರೆ, ನೆರೆಮನೆಯವರನ್ನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತಲ್ಲವೇ ಎಂಬ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ಜಾಗವನ್ನು ಜುಲೈಯಲ್ಲಿ ನೋಡಿ. ಏಪ್ರಿಲ್‌ನಲ್ಲಿ ಮತ್ತೊಮ್ಮೆ ನೋಡಿ, ಆಗ ಬಾವಿಯ ತಳ ಕಾಣಿಸುತ್ತದೆ.

ಇನ್ನು ದಾರಿಯ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಮ್ಮ ಜಿಲ್ಲೆಯ ಹಳೆಯ ಕ್ರಯಪತ್ರವೊಂದನ್ನು ಬಿಡಿಸಿ ಷೆಡ್ಯೂಲ್ ಓದಿ. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಆದ ಮೇಲೆ ಕೊನೆಗೆ ಮಾಮೂಲು ದಾರಿ, ನೀರಿನ ಹಕ್ಕು ಸಹಿತ ಎಂದು ಅರ್ಧ ಸಾಲು ಇರುತ್ತದೆ. ಯಾವ ಮಾಮೂಲು? ಯಾರ ಜಾಗದ ಮೇಲಿಂದ? ಎಷ್ಟು ಅಡಿ ಅಗಲ? ನಡೆದು ಹೋಗಲು ಮಾತ್ರವೇ, ಲಾರಿ ಬರಲೂ ಅವಕಾಶವಿದೆಯೇ? ಆ ಅರ್ಧ ಸಾಲು ಇದೊಂದನ್ನೂ ಹೇಳುವುದಿಲ್ಲ. ಮಾರುವವರು ಜಾಗ ತೋರಿಸಲು ನಿಮ್ಮನ್ನು ಕಾರಿನಲ್ಲೇ ಕರೆದೊಯ್ದಿರುತ್ತಾರೆ, ದಾರಿ ಇದೆಯಲ್ಲ ಎಂದು ನೀವೂ ನಂಬುತ್ತೀರಿ. ಮನೆ ಕಟ್ಟಲು ಕಲ್ಲು, ಜಲ್ಲಿ ತರಿಸುವ ದಿನ ನಡುವಿನ ತೋಟದವರು ಗೇಟಿಗೆ ಬೀಗ ಹಾಕುತ್ತಾರೆ.

1882ರ ಅನುಭೋಗದ ಹಕ್ಕುಗಳ ಕಾಯ್ದೆ ಇದಕ್ಕೆ ಮೂರು ಬಗೆಯ ಉತ್ತರ ಕೊಡುತ್ತದೆ. ನೋಂದಾಯಿತ ಪತ್ರದಲ್ಲಿ ಅಗಲ, ಉದ್ದ, ನಕ್ಷೆ ಸಹಿತ ಬರೆದುಕೊಟ್ಟ ದಾರಿ ಎಲ್ಲಕ್ಕಿಂತ ಗಟ್ಟಿ. ಎರಡನೆಯದು 13ನೇ ಕಲಮಿನ ಅನಿವಾರ್ಯದ ದಾರಿ: ಒಬ್ಬರ ಜಮೀನನ್ನೇ ತುಂಡು ಮಾಡಿ ಮಾರಿದಾಗ ಅಥವಾ ಪಾಲು ಮಾಡಿದಾಗ, ಬೇರೆ ದಾರಿಯೇ ಇಲ್ಲದ ತುಂಡಿಗೆ ಉಳಿದ ತುಂಡಿನ ಮೇಲೆ ದಾರಿ ಸಿಗುತ್ತದೆ. ಆದರೆ ಆ ಜಮೀನಿನ ಭಾಗವೇ ಅಲ್ಲದ ಪಕ್ಕದವರ ತೋಟದ ಮೇಲೆ ಈ ಕಲಂ ಹಿಡಿದು ದಾರಿ ಕೇಳಲಾಗದು. ಮೂರನೆಯದು 15ನೇ ಕಲಂ: 20 ವರ್ಷ ಬಹಿರಂಗವಾಗಿ, ಶಾಂತಿಯಿಂದ, ತಡೆಯಿಲ್ಲದೆ, ಹಕ್ಕೆಂದೇ ಬಳಸಿದ ದಾರಿ. ಒಪ್ಪಿಗೆ ಪಡೆದು ಬಳಸಿದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ‘ಹೋಗಿ ಬನ್ನಿ, ನಮ್ಮದೇನೂ ಅಡ್ಡಿಯಿಲ್ಲ’ ಎಂದ ನೆರೆಯವರು ಕೊಟ್ಟದ್ದು ಅನುಮತಿ. ಅದನ್ನು ಸಾಮಾನ್ಯವಾಗಿ ಅವರು ಹಿಂದಕ್ಕೆ ಪಡೆಯಬಹುದು. ಅವರ ಮಕ್ಕಳಂತೂ ಪಡೆದೇ ಪಡೆಯುತ್ತಾರೆ.

ದಾರಿಗೆ ಪಂಚಾಯತ್ ಕಾಂಕ್ರೀಟ್ ಹಾಕಿದೆ ಎಂದು ಯಾರಾದರೂ ಹೇಳಿದರೆ, ಅದು ಪಂಚಾಯತ್ ರಸ್ತೆಯೆಂದು ದಾಖಲೆಯಲ್ಲಿದೆಯೇ ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಈ ಒಂದು ಕಾಗದಕ್ಕಾಗಿ ಮುಂಗಡ ಕೊಡುವುದನ್ನು ಒಂದು ತಿಂಗಳು ತಡಮಾಡಿದರೆ ನಷ್ಟವೇನೂ ಇಲ್ಲ.

ಬೆಂಗಳೂರು ಕಡೆಯಿಂದ ಬಂದವರಿಗೆ ಇಲ್ಲಿನ ಭೂಮಿಯ ಲೆಕ್ಕವೇ ಹೊಸತು. ಗುಂಟೆಯ ಬದಲು ಸೆಂಟ್ಸ್. 100 ಸೆಂಟ್ಸ್‌ಗೆ ಒಂದು ಎಕರೆ, ಒಂದು ಸೆಂಟ್ಸ್‌ಗೆ 435.6 ಚದರ ಅಡಿ. ಜಾಗದ ಬಗೆಗಳೂ ಹಾಗೆಯೇ. ಪಟ್ಟಾದಾರರ ಸ್ವಂತದ್ದು ವರ್ಗ ಜಾಗ. ಅದಕ್ಕೆ ತಾಗಿ 100 ಗಜದೊಳಗೆ ಇರುವ ಸರ್ಕಾರಿ ಜಾಗ ಕುಮ್ಕಿ. ವರ್ಗದಾರರು ಅಲ್ಲಿಂದ ಸೊಪ್ಪು, ಸೌದೆ ತರಬಹುದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಆ ಸವಲತ್ತನ್ನು ಉಳಿಸಿದೆ, ಒಡೆತನ ಕೊಟ್ಟಿಲ್ಲ. ಹತ್ತು ಸೆಂಟ್ಸ್ ವರ್ಗ, ಐದು ಸೆಂಟ್ಸ್ ಕುಮ್ಕಿ ಸೇರಿ ಹದಿನೈದಕ್ಕೆ ರೇಟು ಹೇಳಿದರೆ, ಐದು ಸೆಂಟ್ಸ್‌ನ ಹಣ ಸರ್ಕಾರದ ಜಾಗಕ್ಕೆ ಕೊಟ್ಟಂತಾಯಿತು. ಬೇಲಿ ಎಷ್ಟು ಹಳೆಯದಾದರೂ ಮಾತು ಇದೇ.

ಡಿ.ಸಿ. ಮನ್ನಾ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗಾಗಿಯೇ ಕಾದಿರಿಸಿದ ಭೂಮಿ. ಅದು ಅವರದ್ದಾಗಿಯೇ ಉಳಿಯಬೇಕು. ಆ ಸಮುದಾಯದವರಿಗೆ ಮಂಜೂರಾದ ಯಾವುದೇ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯವೇ ಅಸಿಂಧು. ಜಮೀನು ಮರಳಿಸುವಂತೆ ಕೋರಲು ಕಾಲಮಿತಿ ಅಡ್ಡಬರದು ಎಂದು 2023ರ ತಿದ್ದುಪಡಿ ಹೇಳಿದೆ. ಡಿಕ್ಲರೇಶನ್ ಜಾಗ ಎಂದರೆ ಭೂಸುಧಾರಣೆಯಲ್ಲಿ ಭೂನ್ಯಾಯ ಮಂಡಳಿ ಗೇಣಿದಾರರಿಗೆ ಕೊಟ್ಟದ್ದು. ಮಂಡಳಿಯ ಆದೇಶ ಮತ್ತು ನಮೂನೆ 10 ಎರಡನ್ನೂ ನೋಡಬೇಕು. ಅಕ್ರಮ ಸಕ್ರಮದಲ್ಲಿ ಸಿಕ್ಕಿದ್ದಾದರೆ ಪರಭಾರೆ ಮಾಡಬಾರದೆಂಬ ಅವಧಿ ಮುಗಿದಿದೆಯೇ ಎಂದು ಮಂಜೂರಾತಿ ಆದೇಶದಲ್ಲೇ ಓದಿ. ಪಹಣಿಯ 9ನೇ ಕಾಲಂನಲ್ಲಿ ಹೆಸರು ನೋಡಿ ಸುಮ್ಮನಾಗಬೇಡಿ. 10ರಲ್ಲಿ ಆ ಹೆಸರು ಹೇಗೆ ಬಂತೆಂದು, 11ರಲ್ಲಿ ಸಾಲ ಮತ್ತು ಇತರರ ಹಕ್ಕು ಏನಿದೆಯೆಂದು ಬರೆದಿರುತ್ತದೆ. ಬೆಳ್ತಂಗಡಿಯ ಘಟ್ಟದ ಬುಡದ ಗ್ರಾಮಗಳಲ್ಲಿ ಪರಿಭಾವಿತ ಅರಣ್ಯದ ಪಟ್ಟಿಯಲ್ಲಿ ಆ ಸರ್ವೆ ನಂಬರ್ ಇಲ್ಲವೆಂದು ಅರಣ್ಯ ಇಲಾಖೆಯಿಂದ ಲಿಖಿತವಾಗಿ ಪಡೆಯಿರಿ.

ಹಕ್ಕಿನ ಮೂಲ ಹುಡುಕುವಾಗ ಕುಟುಂಬವನ್ನೂ ನೋಡಬೇಕಾಗುತ್ತದೆ. ಬಂಟ, ಬಿಲ್ಲವ, ಜೈನ ಮನೆತನಗಳ ಹಳೆಯ ಆಸ್ತಿಗಳಲ್ಲಿ ಅಳಿಯಸಂತಾನದ ಹಕ್ಕು ತಾಯಿಯ ಕಡೆಯಿಂದ ಇಳಿದು ಬಂದಿರುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಎಂದರೆ ಕುಟುಂಬದ ಹೆಣ್ಣು ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಲೆಕ್ಕ ಮತ್ತೆ ಬದಲಾಯಿತು. ಮಾರಲು ಬಂದ ಹಿರಿಯರ ಮಕ್ಕಳ ಸಹಿ ಮಾತ್ರ ಪಡೆದು, ಅವರ ಸಹೋದರಿಯರ ಸಂತಾನವನ್ನು ಬಿಟ್ಟರೆ ಮುಂದೆ ಪಾಲಿನ ದಾವೆ ಬರಬಹುದು. ವಿಭಾಗಪತ್ರ ನೋಂದಣಿಯಾಗಿದೆಯೇ, ವಂಶವೃಕ್ಷದಲ್ಲಿ ಎಲ್ಲರ ಹೆಸರು ಇದೆಯೇ ಎಂದು ವಕೀಲರಿಂದ ನೋಡಿಸಿ. ಜಾಗದಲ್ಲಿ ನಾಗಬನವೋ ದೈವದ ಕಟ್ಟೆಯೋ ಇದ್ದರೆ, ಕುಟುಂಬದವರು ಬಂದು ಪೂಜೆ ಸಲ್ಲಿಸುವ ಹಕ್ಕನ್ನು, ಅದಕ್ಕೆ ಹೋಗುವ ದಾರಿಯನ್ನು ಕ್ರಯಪತ್ರದಲ್ಲೇ ಸ್ಪಷ್ಟವಾಗಿ ಬರೆಸುವುದು ಇಬ್ಬರಿಗೂ ನೆಮ್ಮದಿ. ಮಾಲೀಕರು ಪರದೇಶದಲ್ಲಿದ್ದು ಮುಕ್ತ್ಯಾರುನಾಮೆ ಕಳಿಸಿದ್ದರೆ, ಅವರು ಜೀವಂತವಿದ್ದಾರೆಯೇ ಎಂದು ಕ್ರಯದ ದಿನ ಕೇಳಲು ಸಂಕೋಚ ಬೇಡ. ಬರೆದುಕೊಟ್ಟವರು ತೀರಿಕೊಂಡರೆ ಅದರ ಅಧಿಕಾರವೂ ಮುಗಿಯುತ್ತದೆ. ಮುಕ್ತ್ಯಾರುನಾಮೆ ಮತ್ತು ಅಗ್ರಿಮೆಂಟ್ ಕೈಗಿತ್ತು ಮಾರಾಟವಾಯಿತು ಎನ್ನುವ ಪದ್ಧತಿಗೆ ಒಡೆತನ ಕೊಡುವ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿದೆ.

ಮನೆ ಕಟ್ಟಲು ಕೃಷಿಭೂಮಿಗೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಿರಬೇಕು. ದೊಡ್ಡ ಸರ್ವೆ ನಂಬರಿನ ತುಂಡಾದರೆ 11ಇ ನಕ್ಷೆ ಬೇಕು. ಯೋಜನಾ ಪ್ರಾಧಿಕಾರದ ವಿನ್ಯಾಸ ಅನುಮೋದನೆ ಬೇಕು. ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ನೈನ್ ಇಲೆವೆನ್ ಎಂದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಬಂಟ್ವಾಳ, ಮೂಡುಬಿದಿರೆ ಪುರಸಭೆ ಮತ್ತು ಬೆಳ್ತಂಗಡಿ ಪಟ್ಟಣ ಪಂಚಾಯತಿನೊಳಗೆ ಇ-ಖಾತೆ. 11ಬಿ ಅಥವಾ ಬಿ ಖಾತೆ ಎಂದಿದ್ದರೆ ಯಾವ ಕೊರತೆಗಾಗಿ ಹಾಗೆ ಕೊಟ್ಟಿದ್ದಾರೆಂದು ಕೇಳಿ. ಈ ನಿಯಮಗಳು ಈಚೆಗೆ ಪದೇ ಪದೇ ಬದಲಾಗುತ್ತಿರುವುದರಿಂದ ಬ್ರೋಕರ್ ಮಾತು ಸಾಲದು, ಪಿಡಿಒ ಅಥವಾ ಮುಖ್ಯಾಧಿಕಾರಿಯ ಹಿಂಬರಹ ಬೇಕು. ಒಂದು ನೆನಪಿರಲಿ: ಖಾತೆ ಎನ್ನುವುದು ತೆರಿಗೆಯ ಲೆಕ್ಕ, ಒಡೆತನದ ಪತ್ರವಲ್ಲ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ. ನಮೂನೆ 15ರಲ್ಲಿ ವ್ಯವಹಾರಗಳು ಕಾಣುತ್ತವೆ, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಖರ್ಚು ಲೆಕ್ಕ ಹಾಕುವಾಗ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದ್ದನ್ನೂ ಸೇರಿಸಿಕೊಳ್ಳಿ.

ಹೆದ್ದಾರಿ ಬದಿ ಎಂಬ ಆಕರ್ಷಣೆ ಮೂರೂ ಕಡೆ ಇದೆ. ಬಿ.ಸಿ.ರೋಡಿನಿಂದ ಅಡ್ಡಹೊಳೆಯತ್ತ 75, ಪುಂಜಾಲಕಟ್ಟೆ, ಬೆಳ್ತಂಗಡಿ ದಾಟಿ ಚಾರ್ಮಾಡಿಯತ್ತ 73, ಕುಲಶೇಖರದಿಂದ ಮೂಡುಬಿದಿರೆಯ ಮೂಲಕ ಸಾಣೂರಿನತ್ತ 169, ಈ ಮೂರೂ ರಾಷ್ಟ್ರೀಯ ಹೆದ್ದಾರಿಗಳು ಅಗಲಗೊಳ್ಳುತ್ತಾ ಬಂದಿವೆ. 1956ರ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆಯಲ್ಲಿ ಸರ್ವೆ ನಂಬರ್ ಇದೆಯೇ ನೋಡಿ. ಇದ್ದರೆ ಆಕ್ಷೇಪಣೆಗೆ 21 ದಿನ ಮಾತ್ರ. 3ಡಿ ಘೋಷಣೆ ಆದ ಮೇಲೆ ಜಾಗ ಸರ್ಕಾರದ್ದು, ಪರಿಹಾರ ಮಾತ್ರ ಹಕ್ಕುದಾರರದ್ದು.

ಬಡಾವಣೆಯಲ್ಲಿ ನಿವೇಶನ ಅಥವಾ ಫ್ಲ್ಯಾಟ್ ಆದರೆ 2016ರ ರೇರಾ ಕಾಯ್ದೆ ನಿಮ್ಮ ಬೆನ್ನಿಗಿದೆ. ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಅಥವಾ 8 ಘಟಕಗಳಿಗಿಂತ ದೊಡ್ಡ ಯೋಜನೆ ನೋಂದಣಿಯಾಗಿರಬೇಕು. ನೋಂದಾಯಿತ ಕರಾರಿಲ್ಲದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಹೇಳಿದ ಸಮಯಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಹಿತ ಹಣ ಹಿಂದೆ ಕೇಳಬಹುದು. ಯೋಜನಾ ಪ್ರದೇಶದ ಹೊರಗಿನ ಹಳ್ಳಿಯ ಬಡಾವಣೆಗೆ ಈ ನೋಂದಣಿ ತಾನಾಗಿಯೇ ಕಡ್ಡಾಯವಾಗುವುದಿಲ್ಲ. ಅಲ್ಲಿ ಎಚ್ಚರ ಎರಡು ಪಟ್ಟು ಬೇಕು.

ಕೊಳ್ಳುವ ಮೊದಲು ಒಂದು ಮಳೆಗಾಲ ಬಾಡಿಗೆಗೆ ಇರುವುದು ನಾನು ಎಲ್ಲರಿಗೂ ಹೇಳುವ ಮಾತು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಯುತ್ತಾರೆ. 1999ರ ಬಾಡಿಗೆ ಕಾಯ್ದೆ ಕಡಿಮೆ ಬಾಡಿಗೆಯ ಮನೆಗಳಿಗಷ್ಟೇ ಅನ್ವಯ. ಹೆಚ್ಚಿನವರಿಗೆ ಆಸರೆ ಕರಾರಿನ ಷರತ್ತುಗಳೇ. ಕರಾರಿಲ್ಲದ ತಿಂಗಳ ಬಾಡಿಗೆಯಾದರೆ ಬಿಡಿಸಲು 15 ದಿನದ ನೋಟಿಸ್ ಬೇಕು. ಅಡ್ವಾನ್ಸ್ ಹಣವನ್ನು ಬ್ಯಾಂಕಿನ ಮೂಲಕ ಕೊಡಿ, ಬಿಡುವಾಗ ಸುಣ್ಣಬಣ್ಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆಂದು ಮೊದಲೇ ಬರೆಸಿ. ಬೇಸಿಗೆಯಲ್ಲಿ ಬಾವಿ ಬತ್ತಿದರೆ ಟ್ಯಾಂಕರ್ ನೀರಿನ ಖರ್ಚು ಯಾರದ್ದು ಎಂಬುದನ್ನೂ ಬರೆಸಿ. ಸಾಮಾನು ಹೊರಗಿಟ್ಟು ಬೀಗ ಹಾಕಿ ಬಲವಂತವಾಗಿ ಹೊರದಬ್ಬಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು.

ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಕೇರಿಯಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಿಸಲು ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನ ಪ್ರಕಾರ ಅಪರಾಧ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ನಿಮ್ಮ ಜಾತಿ ಯಾವುದು ಎಂದು ಕೇಳಿ ಬಾಡಿಗೆ ನಿರಾಕರಿಸುವುದನ್ನು ಇಲ್ಲಿನ ರೂಢಿ ಎಂದು ಒಪ್ಪಿಕೊಂಡು ಹೋಗಬೇಡಿ, ದೂರು ಕೊಡಿ.

ಬಂದ ಮೇಲೆ ಮತದಾರರ ಪಟ್ಟಿಯಲ್ಲಿ ಸ್ಥಳ ಬದಲಾವಣೆಗೆ ನಮೂನೆ 8 ಕೊಡಿ. ಹೊಸದಾಗಿ ಹೆಸರು ಸೇರಿಸುವ ನಮೂನೆ 6 ಅದಕ್ಕಲ್ಲ. 1ರಿಂದ 8ನೇ ತರಗತಿಯ ಮಗುವಿನ ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ, ಅನುದಾನಿತ ಶಾಲೆಗಳು ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹಾಗೆನ್ನುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ನ್ಯಾಯಾಲಯಗಳಿವೆ. ವಕೀಲರ ಶುಲ್ಕ ಹೊಂದಿಸಲಾಗದವರು ಅಲ್ಲಿನ ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ನೆರೆಯಂಥ ವಿಪತ್ತಿನಲ್ಲಿ ನೊಂದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಫೋನಿನಲ್ಲಿ ಕೇಳಬೇಕಾದರೆ 15100. ಹೋಗುವಾಗ ಮೂಲಪತ್ರದ ನಕಲು, ಈಚಿನ ಪಹಣಿ, ಋಣಭಾರ ಪತ್ರ, ನಕ್ಷೆ ಮತ್ತು ದಾರಿಯ ಎರಡು ಫೋಟೋ ಒಯ್ಯಿರಿ.