ಟಾಗಲ್ ಸ್ವಿಚ್‌ನ ಗ್ರೌಂಡ್ ಬೆಸುಗೆ: ಒಂದು ಪ್ರಾಯೋಗಿಕ ಪಾಠ

ಲೆಸ್ ಪಾಲ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಎರಡು ಪಿಕಪ್‌ಗಳ ಪೈಕಿ ಯಾವುದು ನುಡಿಯಬೇಕೆಂಬುದನ್ನು ಟಾಗಲ್ ಸ್ವಿಚ್ ನಿರ್ಧರಿಸುತ್ತದೆ. ಅದಕ್ಕೆ ಬರುವ ಮೂರು ವೈರ್‌ಗಳ ಹೊರಜಾಲರಿಗಳನ್ನು ಒಟ್ಟುಗೂಡಿಸಿ ಗ್ರೌಂಡ್ ಲಗ್‌ಗೆ ಬೆಸೆಯುವುದು ಅಂದಿನ ಪಾಠ.

ಒಂದು ತಂಡ ಬೇಗ ಮುಗಿಸಿತು. ಆಂಪ್ಲಿಫೈಯರ್‌ಗೆ ಜೋಡಿಸಿದಾಗ ಮೂರೂ ಸ್ಥಾನಗಳಲ್ಲಿ ನಾದ ಬಂತು; ನಾನೂ ಸರಿ ಎಂದುಬಿಟ್ಟೆ. ಆದರೆ ಸ್ವಿಚ್‌ನ ಲೋಹದ ನಟ್ಟಿಗೆ ಬೆರಳು ತಾಗಿದೊಡನೆ ಗುಂಯ್ ಎಂಬ ಸದ್ದು. ಏಕೆ? ಜಾಲರಿಗಳು ಒಂದಕ್ಕೊಂದು ಸೇರಿದ್ದರಿಂದ ವಿದ್ಯುನ್ಮಂಡಲ ಪೂರ್ಣವಾಗಿತ್ತು. ಲಗ್‌ಗೆ ಮಾತ್ರ ಸೇರಿರಲಿಲ್ಲ. ಗ್ರೌಂಡ್ ಇಲ್ಲದ ಚೌಕಟ್ಟು ನಮ್ಮ ಮೈಯಲ್ಲಿರುವ 50 ಹರ್ಟ್ಸ್ ಗದ್ದಲವನ್ನು ಪಕ್ಕದ ಸಿಗ್ನಲ್ ಪಟ್ಟಿಗಳಿಗೆ ದಾಟಿಸುತ್ತಿತ್ತು.

ಬೆಸುಗೆ ಮಂಕಾಗಿ, ಗುಂಡಗೆ ಕುಳಿತಿತ್ತು. 60/40 ತವರ-ಸೀಸ ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೆ ಪೂರ್ತಿ ಕರಗುತ್ತದೆ. ಲಗ್ ಅಷ್ಟು ಬಿಸಿಯಾಗುವ ಮೊದಲೇ ಹುಡುಗರು ಐರನ್ ತುದಿಯಲ್ಲಿ ಕರಗಿಸಿ ಸುರಿದಿದ್ದರು. (ತಪ್ಪು ನನ್ನದು. ಕ್ರಮವನ್ನು ಕಪ್ಪುಹಲಗೆಯಲ್ಲಿ ಬರೆದಿದ್ದೆ, ಮಾಡಿ ತೋರಿಸಿರಲಿಲ್ಲ.) ಕೇಬಲ್ ಕಳಚಿ, ಲಗ್ಗನ್ನು ಕೆರೆದು, ಮೊದಲು ಅದಕ್ಕೇ ತವರ ಹಚ್ಚಿದೆವು. ಬಳಿಕ ಜಾಲರಿಯನ್ನಿಟ್ಟು ಎರಡನ್ನೂ ಕಾಯಿಸಿ, ಬೆಸುಗೆ ತಂತಿಯನ್ನು ಐರನ್‌ಗಲ್ಲ, ಲಗ್‌ಗೆ ತಾಗಿಸಿದೆವು. ಈ ಸಲ ಅದು ಹೊಳೆಯುತ್ತ ಹರಡಿಕೊಂಡಿತು.

ಮುಂದಿನ ತರಗತಿಯಿಂದ ನಾದಕ್ಕಿಂತ ಮೊದಲು ಮಲ್ಟಿಮೀಟರ್: ಒಂದು ಕಡ್ಡಿ ಜ್ಯಾಕ್‌ನ ಗ್ರೌಂಡ್‌ಗೆ, ಇನ್ನೊಂದು ಸ್ವಿಚ್‌ನ ನಟ್ಟಿಗೆ. ಬೀಪ್ ಬಂದ ಮೇಲಷ್ಟೇ ಹಿಂಬದಿಯ ಮುಚ್ಚಳ.