ಮನೆಯ ವ್ಯಾನಿನಲ್ಲಿ ಮಲಗುವ ಲೆಕ್ಕಾಚಾರ

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಸಿರ್ಸಿ, ಕುಮಟಾ ಕಡೆ ನಾಲ್ಕು ದಿನ ತಿರುಗಾಡಿ ಬರೋಣ ಅಂತ ನಾವು ನಾಲ್ವರು ಗೆಳೆಯರು ತೀರ್ಮಾನ ಮಾಡಿದೆವು. ಇಬ್ಬರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಿಕಲ್, ಒಬ್ಬ ಸಿವಿಲ್. ಲಾಡ್ಜಿಗೆ ಕೊಡುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಆದರೆ ನಮ್ಮಲ್ಲೊಬ್ಬನ ರಾಣೆಬೆನ್ನೂರಿನ ಮನೆಯಲ್ಲಿ ಐದು ಸೀಟಿನ ಮಾರುತಿ ಈಕೋ ಇತ್ತು. ಸಂತೆಗೆ, ಮದುವೆಗೆ, ಅಜ್ಜಿಯ ಆಸ್ಪತ್ರೆಗೆ ಎಲ್ಲಕ್ಕೂ ಅದೇ ಗಾಡಿ. ಇಬ್ಬರು ಅದರೊಳಗೆ ಮಲಗೋದು, ಇನ್ನಿಬ್ಬರು ಪಕ್ಕದಲ್ಲಿ ಟೆಂಟ್ ಹಾಕೋದು ಅಂತ ನಮ್ಮ ಪ್ಲಾನ್.

ಗೆಳೆಯನ ಅಪ್ಪ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು: “ಗಾಡಿ ಒಯ್ರಿ. ಆದ್ರ ಸೋಮವಾರ ಮುಂಜಾನೆ ನಮ್ಮವ್ವನ್ನ ಹುಬ್ಬಳ್ಳಿ ದವಾಖಾನಿಗೆ ಕರ್ಕೊಂಡ ಹೋಗಬೇಕು. ಹೆಂಗ ಕೊಟ್ಟೇನೋ ಹಂಗ ತಂದು ನಿಲ್ಲಸ್ರಿ. ಒಂದ ತೂತು ಕಂಡ್ರೂ ಮುಂದ ಕೀಲಿ ಕೇಳಬ್ಯಾಡ್ರಿ.”

ಯೂಟ್ಯೂಬಿನಲ್ಲಿ ವ್ಯಾನ್ ಬಿಚ್ಚಿ ಮನೆ ಕಟ್ಟುವ ವಿಡಿಯೋಗಳು ಬೇಕಾದಷ್ಟಿವೆ. ಮನೆಯವರು ದಿನಾ ಓಡಿಸುವ ಗಾಡಿಗೆ ಅವು ಹೊಂದೋದಿಲ್ಲ. ಅಪ್ಪನ ಮಾತನ್ನೇ ನಾವು ಡಿಸೈನಿನ ಮೂರು ನಿಯಮಗಳಾಗಿ ಬರೆದುಕೊಂಡೆವು. ಒಂದು, ಗಾಡಿಗೆ ಡ್ರಿಲ್ಲೂ ಇಲ್ಲ, ವೆಲ್ಡಿಂಗೂ ಇಲ್ಲ. ಎರಡು, ಓಡುವಾಗ ನಾಲ್ವರಿಗೂ ಸೀಟು ಮತ್ತು ಬೆಲ್ಟ್ ಇರಲೇಬೇಕು. ಮೂರು, ಅರ್ಧ ಗಂಟೆಯಲ್ಲಿ ಎಲ್ಲ ಬಿಚ್ಚಿ ಮೊದಲಿನ ಹಾಗೆ ಮಾಡೋಕೆ ಬರಬೇಕು. ಈ ಲೇಖನದಲ್ಲಿರುವುದು ನಾವು ಹಾಕಿದ ಲೆಕ್ಕಗಳು ಮತ್ತು ಮಾಡಿದ ತಪ್ಪುಗಳು.

ಮೊದಲು ಟೇಪು, ಆಮೇಲೆ ಗರಗಸ

ಈಕೋದ ಹೊರಗಿನ ಉದ್ದ 3675 ಮಿ.ಮೀ., ಅಗಲ 1475 ಮಿ.ಮೀ. ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತೆ. ಆದರೆ ಎಂಜಿನ್ ಮುಂದಿನ ಸೀಟುಗಳ ಕೆಳಗಿದೆ, ಹಾಗಾಗಿ ಮುಂಭಾಗ ಮಲಗುವ ಲೆಕ್ಕಕ್ಕೆ ಬರೋದಿಲ್ಲ. ಮುಂದಿನ ಸೀಟನ್ನು ಪೂರ್ತಿ ಮುಂದೆ ಸರಿಸಿ, ಹಿಂದಿನ ಸೀಟು ತೆಗೆದು ಅಳೆದಾಗ ನಮಗೆ ಸಿಕ್ಕಿದ್ದು ಸುಮಾರು 180 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲ. ಐದಡಿ ಎಂಟಿಂಚಿನವರಿಗೆ ಇಷ್ಟು ಸಾಕು. ಆರಡಿಯ ಸಿವಿಲ್ ಗೆಳೆಯನಿಗೆ ಅಲ್ಲೇ ಟೆಂಟ್ ಖಾಯಂ ಆಯಿತು.

ಗಾಡಿಯ ಒಳಗೋಡೆ ಎಲ್ಲಿಯೂ ನೇರವಾಗಿಲ್ಲ. ಅದಕ್ಕೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ತಂದು, ಮೊದಲು ರಟ್ಟಿನಲ್ಲೇ ಮಂಚ ಕತ್ತರಿಸಿ ಒಳಗೆ ಇಟ್ಟು ನೋಡಿದೆವು. ಎರಡು ಸಲ ತಪ್ಪಾಯಿತು. ಪ್ಲೈವುಡ್‌ನಲ್ಲೇ ಶುರು ಮಾಡಿದ್ದರೆ ಆ ಎರಡು ತಪ್ಪಿಗೆ ಟ್ರಿಪ್ಪಿನ ದುಡ್ಡು ಅರ್ಧ ಹೋಗುತ್ತಿತ್ತು.

ಮಂಚ: ದಪ್ಪ ಹಲಗೆಯೋ, ನಡುವೆ ಒಂದು ಕಾಲೋ?

60 ಸೆಂ.ಮೀ. ಅಗಲದ ಮೂರು ಹಲಗೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ 180 ಸೆಂ.ಮೀ. ಮಂಚ. ಓಡುವಾಗ ಮೂರನ್ನೂ ಹಿಂದಿನ ಸೀಟಿನ ಬೆನ್ನಿಗೆ ನಿಲ್ಲಿಸಿ ಬೆಲ್ಟಿನಿಂದ ಬಿಗಿಯಬಹುದು.

ಅಂಗಡಿಯವರು “18 ಮಿ.ಮೀ. ಪ್ಲೈ ತಗೊಳ್ಳಿ, ಗಟ್ಟಿ ಇರುತ್ತೆ” ಅಂದರು. ನಾವು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೋಟ್ಸ್ ತೆಗೆದೆವು. ಎರಡೂ ತುದಿಗೆ ಆಧಾರವಿರುವ ಹಲಗೆಯ ನಡುವೆ ಮಂಡಿಯೂರಿದರೆ ಅದು ಎಷ್ಟು ಬಾಗುತ್ತೆ ಅನ್ನೋದು ಆಧಾರಗಳ ಅಂತರದ ಘನಕ್ಕೆ ನೇರ ಅನುಪಾತದಲ್ಲೂ, ಹಲಗೆಯ ದಪ್ಪದ ಘನಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತೆ. ದಪ್ಪವನ್ನು 12ರಿಂದ 18ಕ್ಕೆ ಏರಿಸಿದರೆ ಅದು ಒಂದೂವರೆ ಪಟ್ಟು. ಅದರ ಘನ ಸುಮಾರು 3.4, ಅಂದ್ರೆ ಬಾಗೋದು 3.4ನೇ ಒಂದು ಭಾಗಕ್ಕೆ ಇಳಿಯುತ್ತೆ. ಅದರ ಬದಲು 12 ಮಿ.ಮೀ. ಹಲಗೆಯನ್ನೇ ಇಟ್ಟು ನಡುವೆ ಒಂದು ಕಾಲು ಕೊಟ್ಟರೆ ಅಂತರ ಅರ್ಧವಾಗುತ್ತೆ, ಬಾಗೋದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ.

ತೂಕವನ್ನೂ ನೋಡಿ. ಪ್ಲೈವುಡ್ ಸಾಂದ್ರತೆ ಘನ ಮೀಟರಿಗೆ 650 ಕೆ.ಜಿ. ಅಂತ ಹಿಡಿದರೆ 12 ಮಿ.ಮೀ. ಮಂಚ ಸುಮಾರು 16 ಕೆ.ಜಿ., 18 ಮಿ.ಮೀ. ಮಂಚ 24 ಕೆ.ಜಿ. ಎಂಟು ಕೆ.ಜಿ. ಉಳಿಸಿ ಎರಡು ಪಟ್ಟಿಗಿಂತ ಹೆಚ್ಚು ಬಿಗಿ ಸಿಗುತ್ತೆ ಅಂದ್ರೆ ಯಾರು ಬಿಡ್ತಾರೆ? ನಡುವೆ ಕಾಲು ಕೊಟ್ಟೆವು. ಕಾಲುಗಳ ಬುಡಕ್ಕೆ ಹಳೆಯ ಟ್ಯೂಬಿನ ರಬ್ಬರ್ ಅಂಟಿಸಿದೆವು. ಗಾಡಿಯ ನೆಲಕ್ಕೆ ಗೀರು ಬೀಳಲಿಲ್ಲ, ಮಂಚ ಜಾರಲೂ ಇಲ್ಲ.

ಸೀಟಿನ ಬೋಲ್ಟ್ ಹಗುರವಾಗಿ ನೋಡಬೇಡಿ

ಹಿಂದಿನ ಸೀಟನ್ನು ಗಾಡಿ ನಿಂತ ಮೇಲೆ ಮಾತ್ರ ಬಿಚ್ಚುತ್ತಿದ್ದೆವು. ಹೊರಗೆ ಇಟ್ಟರೆ ಅದೇ ಸೋಫಾ. ಬೆಳಿಗ್ಗೆ ಹೊರಡುವ ಮೊದಲು ಮತ್ತೆ ಕೂರಿಸುತ್ತಿದ್ದೆವು.

ಇಲ್ಲಿ ಒಂದು ಮಾತು. ಅಪಘಾತದ ಹೊತ್ತಿನಲ್ಲಿ ಸೀಟನ್ನೂ ಅದರಲ್ಲಿ ಕೂತವರನ್ನೂ ಹಿಡಿಯೋದು ಈ ಬೋಲ್ಟುಗಳೇ. ಸಡಿಲವಿದ್ದರೆ ಅಲುಗಾಡಿ ಇನ್ನಷ್ಟು ಸಡಿಲವಾಗುತ್ತವೆ, ಅತಿಯಾಗಿ ಬಿಗಿದರೆ ಥ್ರೆಡ್ ಹಾಳಾಗುತ್ತೆ. ಮೊದಲ ಸಲ ಊರಿನ ಮೆಕ್ಯಾನಿಕ್ ಎದುರಿಗೆ ಬಿಚ್ಚಿ ಕಲಿತೆವು. ಪ್ರತಿ ಬೋಲ್ಟನ್ನೂ ಮೊದಲು ಬೆರಳಿನಲ್ಲೇ ತಿರುಗಿಸಿ ಕೂರಿಸೋದು, ಆಮೇಲೆ ಟಾರ್ಕ್ ರೆಂಚ್ ಹಾಕಿ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟೇ ಬಿಗಿಯೋದು. ನಿಮ್ಮ ಗಾಡಿಯ ಸೀಟಿನ ಕೆಳಗೆ ವೈರ್ ಹೋಗಿದ್ದರೆ ಮೆಕ್ಯಾನಿಕ್ ಹತ್ತಿರ ಕೇಳದೆ ಕೈ ಹಾಕಬೇಡಿ.

ಓಡುವಾಗ ಒಳಗೆ ಯಾವ ವಸ್ತುವೂ ಸಡಿಲವಾಗಿ ಇರಬಾರದು. ಡಿಕ್ಕಿಯಲ್ಲಿ ಕ್ಷಣಮಾತ್ರ 20 ಜಿ ವೇಗೋತ್ಕರ್ಷ ಬಂತು ಅಂದ್ಕೊಳ್ಳಿ. ಆಗ 6 ಕೆ.ಜಿ. ಬ್ಯಾಟರಿ 120 ಕೆ.ಜಿ. ತೂಕದಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತೆ. ಅದರ ದಾರಿಯಲ್ಲಿ ಇರೋದು ನಮ್ಮದೇ ತಲೆ.

ಕರೆಂಟಿನ ಲೆಕ್ಕ

ಗಾಡಿಯ ಬ್ಯಾಟರಿಯಿಂದಲೇ ಫ್ಯಾನ್, ಲೈಟ್ ಹಾಕಿದರೆ ಏನಾಗುತ್ತೆ? ಅದು ಸ್ಟಾರ್ಟ್ ಮಾಡೋಕೆ ಅಂತ ಮಾಡಿದ ಬ್ಯಾಟರಿ, ಕ್ಷಣಕಾಲ ದೊಡ್ಡ ಕರೆಂಟ್ ಕೊಡುತ್ತೆ. ರಾತ್ರಿಯಿಡೀ ಖಾಲಿ ಮಾಡಿದರೆ ಬೆಳಿಗ್ಗೆ ತಳ್ಳೋಕೆ ಜನ ಹುಡುಕಬೇಕು. ಹಾಗಾಗಿ ಪ್ರಾಜೆಕ್ಟಿಗೆ ಅಂತ ತಂದಿದ್ದ 12.8 ವೋಲ್ಟ್, 50 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಬೇರೆಯಾಗಿ ಇಟ್ಟೆವು. ಅದರಲ್ಲಿರುವ ಶಕ್ತಿ 640 ವ್ಯಾಟ್ ಅವರ್.

ಒಂದು ರಾತ್ರಿಯ ಖರ್ಚು: 15 ವ್ಯಾಟಿನ ಫ್ಯಾನ್ 8 ಗಂಟೆಗೆ 120, 8 ವ್ಯಾಟಿನ ಎಲ್‌ಇಡಿ 4 ಗಂಟೆಗೆ 32, ನಾಲ್ಕು ಫೋನಿಗೆ ಒಟ್ಟು 60, ಒಂದು ಲ್ಯಾಪ್‌ಟಾಪಿಗೆ 60. ಕೂಡಿಸಿದರೆ 272 ವ್ಯಾಟ್ ಅವರ್. ಎರಡು ರಾತ್ರಿ ಆರಾಮಾಗಿ ಬರುತ್ತೆ. ಮೂರನೇ ದಿನ ಕುಮಟಾದ ಪರಿಚಯದವರ ಮನೆಯಲ್ಲಿ ಚಾರ್ಜ್ ಮಾಡಿಕೊಂಡೆವು. ಈ ಬಗೆಯ ಬ್ಯಾಟರಿಗೆ ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು.

ವೈರ್ ವಿಷಯದಲ್ಲಿ ಹೆಚ್ಚಿನವರು ಎಡವೋದು ಇಲ್ಲೇ. ಬ್ಯಾಟರಿಯಿಂದ 4 ಮೀಟರ್ ದೂರ, ಹೋಗಿ ಬರುವ ತಾಮ್ರ 8 ಮೀಟರ್. ಮನೆಯಲ್ಲಿ ಬಿದ್ದಿದ್ದ 1 ಚದರ ಮಿ.ಮೀ. ವೈರಿನಲ್ಲಿ ಅದರ ರೋಧ 0.14 ಓಮ್. 10 ಆಂಪಿಯರ್ ಹರಿದರೆ 1.4 ವೋಲ್ಟ್ ದಾರಿಯಲ್ಲೇ ಖರ್ಚು. ಮನೆಯ 230 ವೋಲ್ಟಿನಲ್ಲಿ 1.4 ಹೋದರೆ ಗೊತ್ತೂ ಆಗಲ್ಲ, 12 ವೋಲ್ಟಿನಲ್ಲಿ ಅದು ಶೇ. 11ಕ್ಕಿಂತ ಹೆಚ್ಚು. 4 ಚದರ ಮಿ.ಮೀ. ವೈರ್ ಹಾಕಿದರೆ ನಷ್ಟ 0.35 ವೋಲ್ಟಿಗೆ ಇಳಿಯುತ್ತೆ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ಫ್ಯೂಸ್ ಇರೋದು ವೈರನ್ನು ಬೆಂಕಿಯಿಂದ ಉಳಿಸೋಕೆ. ದೂರದ ತುದಿಯಲ್ಲಿ ಹಾಕಿದರೆ ಅದಕ್ಕಿಂತ ಮೊದಲಿನ ವೈರಿಗೆ ರಕ್ಷಣೆಯೇ ಇರಲ್ಲ.

ಸಿರ್ಸಿಯ ರಾತ್ರಿ

ಇಷ್ಟೆಲ್ಲ ಲೆಕ್ಕ ಹಾಕಿದವರು ಒಂದನ್ನು ಮರೆತಿದ್ದೆವು. ಅದು ಗಾಳಿ.

ಮೊದಲ ರಾತ್ರಿ ಸಿರ್ಸಿ ಹತ್ತಿರ ಪರಿಚಯದವರ ಮನೆಯಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಡಿಸೆಂಬರ್ ಚಳಿ. ಗಾಜೆಲ್ಲ ಏರಿಸಿ ಇಬ್ಬರು ಮಲಗಿದರು. ಬೆಳಿಗ್ಗೆ ಎದ್ದಾಗ ಇಬ್ಬರಿಗೂ ತಲೆನೋವು, ಗಾಜಿನಿಂದ ನೀರು ಇಳಿಯುತ್ತಿತ್ತು, ಹಾಸಿಗೆಯ ಅಂಚು ಒದ್ದೆ. ಟೆಂಟಿನವರು ಮಾತ್ರ ಲವಲವಿಕೆಯಿಂದ ಎದ್ದಿದ್ದರು!

ಚಹಾ ಕುಡಿಯುತ್ತಲೇ ಲೆಕ್ಕ ಹಾಕಿದೆವು. ಮಲಗಿದ ಒಬ್ಬ ಮನುಷ್ಯ ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ, ಇಬ್ಬರಿಗೆ 24 ಲೀಟರ್. ಗಾಡಿಯೊಳಗಿನ ಗಾಳಿ ಸುಮಾರು 4 ಘನ ಮೀಟರ್, ಅಂದ್ರೆ 4000 ಲೀಟರ್. ಗಾಳಿ ಒಂಚೂರೂ ಆಡದಿದ್ದರೆ ಗಂಟೆಗೆ 6000 ಪಿಪಿಎಂ ಏರುತ್ತೆ. ಗಾಡಿಯ ಸಂದುಗಳಲ್ಲಿ ಗಾಳಿ ಆಡುವುದರಿಂದ ನಿಜದಲ್ಲಿ ಅಷ್ಟು ಏರಲ್ಲ. ಆದರೂ ಹೊರಗಿನ ಗಾಳಿಯಲ್ಲಿ ಇರೋದು ಸುಮಾರು 420, ಕಾರ್ಖಾನೆಯಲ್ಲಿ ಎಂಟು ಗಂಟೆ ಕೆಲಸಕ್ಕೆ ಹಲವು ದೇಶಗಳು ಇಟ್ಟಿರುವ ಮಿತಿ 5000. ಅದರ ಜೊತೆಗೆ ಉಸಿರು ಮತ್ತು ಚರ್ಮದಿಂದ ಇಬ್ಬರೂ ಸೇರಿ ಎಂಟು ಗಂಟೆಯಲ್ಲಿ ಅರ್ಧ ಲೀಟರಿನಷ್ಟು ನೀರು ಬಿಡುತ್ತಾರೆ. ಗಾಜಿನ ಮೇಲೆ ಇಳಿದದ್ದು ಅದೇ.

ಒಳಗೆ 1000 ಪಿಪಿಎಂ ದಾಟಬಾರದು ಅಂದ್ರೆ ಎಷ್ಟು ಗಾಳಿ ಬದಲಾಗಬೇಕು? 24 ಲೀಟರನ್ನು 1000 ಮತ್ತು 420ರ ವ್ಯತ್ಯಾಸದಿಂದ, ಅಂದ್ರೆ ಹತ್ತು ಲಕ್ಷಕ್ಕೆ 580 ಭಾಗದಿಂದ, ಭಾಗಿಸಿದರೆ ಗಂಟೆಗೆ ಸುಮಾರು 41 ಘನ ಮೀಟರ್. ಕಂಪ್ಯೂಟರಿನ 120 ಮಿ.ಮೀ. ಫ್ಯಾನ್ ತಡೆಯಿಲ್ಲದಿದ್ದರೆ ಗಂಟೆಗೆ 80 ಘನ ಮೀಟರಿನಷ್ಟು ತಳ್ಳುತ್ತೆ. ಸೊಳ್ಳೆ ಪರದೆಯ ತಡೆಗೆ ಅರ್ಧ ಹೋಯಿತು ಅಂದ್ರೂ ಸರಿಹೋಗುತ್ತೆ. ಅದು ಕುಡಿಯೋದು ಮೂರು ವ್ಯಾಟ್ ಅಷ್ಟೇ.

ಸಿರ್ಸಿ ಪೇಟೆಯಲ್ಲಿ ಫ್ಯಾನ್ ಮತ್ತು ಬೋರ್ಡ್ ಬರೆಯೋಕೆ ಬಳಸುವ ಪ್ಲಾಸ್ಟಿಕ್ ಶೀಟ್ ಕೊಂಡೆವು. ಮುಂದಿನ ಎಡ ಕಿಟಕಿಯ ಗಾಜು ಇಳಿಸಿ, ಅದರ ಆಕಾರಕ್ಕೆ ಶೀಟ್ ಕತ್ತರಿಸಿ, ಗಾಳಿ ಹೊರಗೆ ಎಳೆಯುವಂತೆ ಫ್ಯಾನ್ ಕೂರಿಸಿದೆವು. ಬಲ ಕಿಟಕಿಗೆ ಬರೀ ಪರದೆ. ಎರಡೂ ಕಿಟಕಿ ಮುಂದೆಯೇ ಇರೋದರಿಂದ ಹಿಂದಿನ ಗಾಳಿ ಹಾಗೇ ನಿಲ್ಲಬಾರದು ಅಂತ ಒಳಗಿನ ಫ್ಯಾನನ್ನು ಹಿಂದಕ್ಕೆ ಮುಖ ಮಾಡಿ ಇಟ್ಟೆವು. ಮರುದಿನ ಗಾಜು ಒಣಗಿತ್ತು, ತಲೆನೋವೂ ಇರಲಿಲ್ಲ.

ಆದರೆ ಈ ಫ್ಯಾನ್ ಕಾರ್ಬನ್ ಮೊನಾಕ್ಸೈಡಿಗೆ ಮದ್ದಲ್ಲ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ಎಂಜಿನ್ ಓಡಿಸಿ ಎಸಿ ಹಾಕಿಕೊಂಡು ಮಲಗಬೇಡಿ. ಇದ್ದಿಲಿನ ಕೆಂಡ, ಗ್ಯಾಸ್ ಸ್ಟೌ ಒಳಗೆ ತರಬೇಡಿ. ನಮ್ಮ ಅಡುಗೆಯೆಲ್ಲ ಹೊರಗೆ, ಗಾಡಿಯಿಂದ ದೂರ.

ಕಾನೂನು ಏನು ಹೇಳುತ್ತೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದರು. ಸೀಟನ್ನು ಖಾಯಂ ತೆಗೆದರೆ ಆರ್‌ಸಿಯಲ್ಲಿರುವ ಸೀಟಿನ ಸಂಖ್ಯೆಯೇ ಸುಳ್ಳಾಗುತ್ತೆ. ಅದಕ್ಕೇ ನಾವು ರಸ್ತೆಗೆ ಇಳಿಯುವ ಮೊದಲು ಸೀಟು ಕೂರಿಸುತ್ತಿದ್ದೆವು. ಓಡುವ ಗಾಡಿಯಲ್ಲಿ ಯಾರೂ ಮಲಗಲಿಲ್ಲ. ಕಾಡಿನ ಅಂಚಿನಲ್ಲಿ ಅನುಮತಿಯಿಲ್ಲದೆ ತಂಗಲೂ ಇಲ್ಲ.

ನಾವು ಬಿಟ್ಟಿದ್ದ ಎರಡು ಕೆಲಸ

ಭಾನುವಾರ ರಾತ್ರಿ ಗಾಡಿ ಹೇಗಿತ್ತೋ ಹಾಗೆ ಒಪ್ಪಿಸಿದೆವು. ಅಪ್ಪ ಟಾರ್ಚ್ ಹಾಕಿ ತೂತು ಹುಡುಕಿದರು, ಸಿಗಲಿಲ್ಲ. ಹಲಗೆಗಳನ್ನು “ಇರಲಿ ಬಿಡ್ರಿ” ಅಂತ ಸೀಟಿನ ಹಿಂದೆಯೇ ಇಟ್ಟುಕೊಂಡರು.

ಸೋಮವಾರ ತೋರಿಸಿಕೊಂಡು ಬರೋಕೆ ಹೋದ ಅಜ್ಜಿಯನ್ನು ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡರು. ರಾತ್ರಿ ವಾರ್ಡಿನಲ್ಲಿ ಒಬ್ಬರಿಗೆ ಮಾತ್ರ ಜಾಗ, ಅಲ್ಲಿ ಗೆಳೆಯನ ಅಮ್ಮ ಉಳಿದರು. ರಾತ್ರಿ ಹತ್ತೂವರೆಗೆ ಅಪ್ಪನ ಫೋನು: “ಏ ತಮ್ಮಾ, ಈ ಹಲಗಿ ಯಾವದು ಮೊದಲ ಇಡೂದು? ಫ್ಯಾನಿನ ಮಾರಿ ಒಳಗೋ, ಹೊರಗೋ?” ಪಾರ್ಕಿಂಗಿನಲ್ಲಿ ಫೋನಿನ ಬೆಳಕಲ್ಲಿ ಒಬ್ಬರೇ ಮಂಚ ಜೋಡಿಸುತ್ತಿದ್ದರು. ಸೀಟನ್ನು ವಾಚ್‌ಮನ್‌ಗೆ ಕೂರೋಕೆ ಕೊಟ್ಟಿದ್ದರಂತೆ. ನಾಲ್ವರೂ ಸ್ಪೀಕರ್ ಹಾಕಿಕೊಂಡು ಹೇಳಿಕೊಟ್ಟೆವು. ನಮಗೆ ಐದು ನಿಮಿಷದ ಕೆಲಸ, ಅವರಿಗೆ ನಲವತ್ತು ನಿಮಿಷ ಹಿಡಿಯಿತು. ಹಲಗೆಗಳ ಮೇಲೆ ನಾವು ಒಂದು ಗುರುತೂ ಹಾಕಿರಲಿಲ್ಲ. ನಮಗೆ ಗೊತ್ತಿತ್ತಲ್ಲ, ಗುರುತು ಯಾಕೆ ಅಂದ್ಕೊಂಡಿದ್ದೆವು.

ಮೂರು ರಾತ್ರಿ ಅವರು ಅಲ್ಲೇ ಮಲಗಿದರು. ಗುರುವಾರ ಡಿಸ್ಚಾರ್ಜ್ ಅಂದಾಗ ಇನ್ನೊಂದು ತಪ್ಪು ಹೊಳೆಯಿತು. ಅಜ್ಜಿ ಕೂರಬೇಕಾದ ಸೀಟಿನ ಬೋಲ್ಟ್ ಬಿಗಿಯಬೇಕು, ಟಾರ್ಕ್ ರೆಂಚ್ ನಮ್ಮ ಹಾಸ್ಟೆಲ್ ರೂಮಿನಲ್ಲಿತ್ತು! ಗೆಳೆಯ ಕ್ಲಾಸು ಬಿಟ್ಟು ರೆಂಚ್ ಹಿಡಿದುಕೊಂಡು ಹುಬ್ಬಳ್ಳಿ ಬಸ್ ಹತ್ತಿದ. ಅವನು ಪ್ರತಿ ಬೋಲ್ಟನ್ನೂ ಬಿಗಿದು ಮುಗಿಸುವವರೆಗೆ ಅಜ್ಜಿ ಗಾಲಿಕುರ್ಚಿಯಲ್ಲಿ ಕೂತು ನೋಡುತ್ತಿದ್ದರಂತೆ.

ಈಗ ಹಲಗೆಗಳ ಮೇಲೆ ದೊಡ್ಡದಾಗಿ ಒಂದು, ಎರಡು, ಮೂರು ಅಂತ ಕನ್ನಡ ಅಂಕಿ ಇದೆ. ಫ್ಯಾನಿನ ಮೇಲೆ ಬಾಣದ ಗುರುತು, ಪಕ್ಕದಲ್ಲಿ ‘ಗಾಳಿ ಹೊರಗೆ’ ಅಂತ ಬರೆದಿದೆ. ಟಾರ್ಕ್ ರೆಂಚ್ ಗಾಡಿಯಲ್ಲೇ ಇರುತ್ತೆ, ಬಿಗಿಯಬೇಕಾದ ಅಂಕಿ ಅದರ ಹಿಡಿಕೆಗೆ ಅಂಟಿಸಿದೆ. ನೀವು ನಿಮ್ಮ ಮನೆಯ ಗಾಡಿಗೆ ಏನಾದರೂ ಮಾಡೋದಿದ್ದರೆ, ಕೊನೆಗೆ ಒಂದು ಪರೀಕ್ಷೆ ಮಾಡಿ. ಕೆಲಸದಲ್ಲಿ ಕೈ ಹಾಕದ ಒಬ್ಬರನ್ನು ಕರೆದು, ರಾತ್ರಿ ಹೊತ್ತು, ಏನೂ ಹೇಳಿಕೊಡದೆ ಜೋಡಿಸೋಕೆ ಹೇಳಿ. ನಾವು ಮುಂದಿನ ಸಲ ಅಲ್ಲಿಂದಲೇ ಶುರು ಮಾಡ್ತೀವಿ.